ಮೀಸೆ ಬಂದ ಹದಿನಾರು

1989ರ ಜೂನ್ 24, ಶನಿವಾರ. ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕಿನಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಜನ. ಅಂಗಳಕ್ಕಿಳಿಯಲಿದ್ದವರು ಹೆಸರುವಾಸಿ ಆಟಗಾರರಲ್ಲ, ಶಾಲೆ ಬಿಟ್ಟು ಹೆಚ್ಚು ದಿನವಾಗದ ಹುಡುಗರು. ಹದಿನಾರು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಅದು. ಆತಿಥೇಯ ಸ್ಕಾಟ್ಲೆಂಡ್ ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ತಂಡವನ್ನು ಮನೆಗೆ ಕಳಿಸಿತ್ತು. ಸೋತ ಆ ತಂಡದಲ್ಲಿ ಲೂಯಿಸ್ ಫಿಗೊ ಎಂಬ ಹುಡುಗನೂ ಇದ್ದ. ದೊಡ್ಡವರ ವಿಶ್ವಕಪ್‌ನಲ್ಲಿ ಮೊದಲ ಸುತ್ತನ್ನೇ ದಾಟಿ ಗೊತ್ತಿಲ್ಲದ ದೇಶಕ್ಕೆ ಮಕ್ಕಳು ಕಪ್ ತಂದುಕೊಡುವ ಲಕ್ಷಣ ಕಾಣುತ್ತಿತ್ತು.

ಎದುರಾಳಿ ಸೌದಿ ಅರೇಬಿಯಾ. ಸ್ಕಾಟ್ಲೆಂಡಿನ ಹುಡುಗರು ಬೇಗನೆ ಎರಡು ಗೋಲು ಹೊಡೆದರು. ಗ್ಯಾಲರಿ ಹಾಡತೊಡಗಿತು. ಆಮೇಲೆ ಆಟ ನಿಧಾನವಾಗಿ ಅತ್ತ ವಾಲಿತು. ಸೌದಿ ತಂಡ ಒಂದು ಗೋಲು ತೀರಿಸಿತು, ಎರಡನೆಯದನ್ನೂ ತೀರಿಸಿತು. ನಡುವೆ ಸಿಕ್ಕ ಪೆನಾಲ್ಟಿಯನ್ನು ಸ್ಕಾಟ್ಲೆಂಡ್ ಕೈಚೆಲ್ಲಿತು. ಕೊನೆಗೆ ಶೂಟೌಟ್‌ನಲ್ಲಿ 5–4ರಿಂದ ಕಪ್ ರಿಯಾದ್‌ಗೆ ಹೋಯಿತು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸ್ಕಾಟ್ಲೆಂಡಿನ ಗೋಲ್‌ಕೀಪರ್ ಜೇಮ್ಸ್ ವಿಲ್‌ಗೆ ಬಂದರೂ ಆ ಸಂಜೆ ಅದರಿಂದ ಯಾರಿಗೂ ಸಮಾಧಾನ ಸಿಗಲಿಲ್ಲ.

ಬಸ್ಸು, ಪಬ್ಬು, ಮನೆ ಎಂದು ಜನ ಚದುರುವ ಹೊತ್ತಿಗೆ ಇನ್ನೊಂದು ಮಾತು ಹುಟ್ಟಿಕೊಂಡಿತ್ತು. ‘ಅವರ ಭುಜ ನೋಡಿದಿರಾ? ಮೀಸೆ ನೋಡಿದಿರಾ? ಅವರು ಹದಿನಾರರ ಹುಡುಗರೇ?’ ಅಂದಿನಿಂದ ಇಂದಿನವರೆಗೆ ಸ್ಕಾಟ್ಲೆಂಡಿನಲ್ಲಿ ಆ ಫೈನಲ್‌ನ ನೆನಪು ಬಂದಾಗಲೆಲ್ಲ ಮೀಸೆಯ ಮಾತೂ ಬರುತ್ತದೆ. ಆದರೆ ಮೀಸೆಯ ಆಚೆಗೆ ಯಾವ ದಾಖಲೆಯೂ ಹೊರಬರಲಿಲ್ಲ, ಆರೋಪ ಸಾಬೀತಾಗಲಿಲ್ಲ. ಫಿಫಾ ಕಡತದಲ್ಲಿ ಸೌದಿ ಅರೇಬಿಯಾ ಇಂದಿಗೂ ಚಾಂಪಿಯನ್. ಫಿಫಾ ನಡೆಸುವ ಹನ್ನೊಂದು ಮಂದಿಯ ಪುರುಷರ ವಿಶ್ವ ಟೂರ್ನಿಗಳಲ್ಲಿ ಏಷ್ಯಾದ ತಂಡವೊಂದು ಗೆದ್ದ ಕಪ್ ಅದೊಂದೇ.

ಕಿರಿಯರ ಫುಟ್‌ಬಾಲ್ ಅಂಗಳದಲ್ಲಿ ಈ ಗುಮಾನಿ ಚೆಂಡಿನ ಜೊತೆಗೇ ಓಡುತ್ತಿರುತ್ತದೆ. ಗೆದ್ದವನ ವಯಸ್ಸಿನ ಮೇಲೆ ಸೋತವನಿಗೆ ಅನುಮಾನ. ಕೆಲವು ಸಲ ಅನುಮಾನ ನಿಜ, ಕೆಲವು ಸಲ ಬರೀ ಹೊಟ್ಟೆಕಿಚ್ಚು. ನಿಜವೋ ಸುಳ್ಳೋ ತಿಳಿಯುವ ಮೊದಲೇ ಅದರ ಭಾರ ಹೊರುವವನು ಮಾತ್ರ ಪ್ರತಿ ಸಲವೂ ಒಬ್ಬ ಹುಡುಗ.

ವಾರ್ಷಿಕ ಪುಸ್ತಕದ ಒಂದು ಪುಟ

ಕಿರಿಯರ ವಿಶ್ವಕಪ್ ಹಳೆಯದೇನಲ್ಲ. 1985ರಲ್ಲಿ ಚೀನಾದಲ್ಲಿ ಮೊದಲ ಸಲ ನಡೆಯಿತು. ಬೀಜಿಂಗ್‌ನ ಫೈನಲ್‌ನಲ್ಲಿ ನೈಜೀರಿಯಾ 2–0 ಗೋಲುಗಳಿಂದ ಪಶ್ಚಿಮ ಜರ್ಮನಿಯನ್ನು ಸೋಲಿಸಿತು. ಆಫ್ರಿಕಾದ ತಂಡವೊಂದು ಫಿಫಾ ಕಪ್ ಎತ್ತಿದ್ದು ಅದೇ ಮೊದಲು. 1991ರಲ್ಲಿ ವಯೋಮಿತಿ ಹದಿನೇಳಕ್ಕೇರಿತು, ಆ ವರ್ಷ ಘಾನಾ ಗೆದ್ದಿತು. ನೈಜೀರಿಯಾ ಇದುವರೆಗೆ ಈ ಕಪ್ಪನ್ನು ಐದು ಸಲ ಗೆದ್ದಿದೆ. ಅದೇ ನೈಜೀರಿಯಾ, ಅದೇ ಘಾನಾ ದೊಡ್ಡವರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ಕೂಡ ಕಂಡಿಲ್ಲ. ಹದಿನೇಳರಲ್ಲಿ ಜಗತ್ತನ್ನು ಗೆದ್ದವರು ಇಪ್ಪತ್ತೇಳರಲ್ಲಿ ಎಲ್ಲಿ ಹೋದರು ಎಂಬ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ.

ಅದಕ್ಕೆ ಕಾಗದದ ಸಾಕ್ಷಿಯೂ ಸಿಕ್ಕಿತು. 1988ರ ಸೋಲ್ ಒಲಿಂಪಿಕ್ಸ್‌ಗೆ ನೈಜೀರಿಯಾ ಕೊಟ್ಟ ಪಟ್ಟಿಯಲ್ಲಿ ಮೂವರು ಆಟಗಾರರ ಹುಟ್ಟಿದ ದಿನಾಂಕಗಳು, ಅವರೇ ಹಿಂದೆ ಆಡಿದ್ದ ಕಿರಿಯರ ಟೂರ್ನಿಗಳ ದಿನಾಂಕಗಳಿಗೆ ತಾಳೆಯಾಗಲಿಲ್ಲ. ಫಿಫಾ ಎರಡು ವರ್ಷ ನಿಷೇಧ ಹೇರಿತು. 1991ರ ಯುವ ವಿಶ್ವ ಚಾಂಪಿಯನ್‌ಷಿಪ್ ನಡೆಸುವ ಅವಕಾಶ ನೈಜೀರಿಯಾದ ಕೈತಪ್ಪಿ ಪೋರ್ಚುಗಲ್ ಪಾಲಾಯಿತು.

ಆದರೆ ವಯಸ್ಸಿನ ಮೋಸ ಅಂದಕೂಡಲೇ ಆಫ್ರಿಕಾದ ಕಡೆ ಬೆರಳು ತೋರಿಸುವವರು ಮೆಕ್ಸಿಕೊ ಕಥೆಯನ್ನೂ ಕೇಳಬೇಕು. ಅದೇ 1988ರ ಏಪ್ರಿಲ್. ಗ್ವಾಟೆಮಾಲಾದಲ್ಲಿ ಇಪ್ಪತ್ತು ವರ್ಷದೊಳಗಿನವರ ಅರ್ಹತಾ ಟೂರ್ನಿ. ಮೆಕ್ಸಿಕೊ ತಂಡದಲ್ಲಿ ವಯಸ್ಸು ಮೀರಿದ ನಾಲ್ವರು ಆಡಿದ್ದರು. ಅದನ್ನು ಕಂಡುಹಿಡಿದದ್ದು ಎದುರಾಳಿ ತಂಡವಲ್ಲ, ಫಿಫಾ ಅಧಿಕಾರಿಯೂ ಅಲ್ಲ, ಮೆಕ್ಸಿಕೊದ್ದೇ ಪತ್ರಕರ್ತ ಅಂಟೋನಿಯೊ ಮೊರೆನೊ. ಅವರು ಹೊಂಚು ಹಾಕಲಿಲ್ಲ, ಯಾರನ್ನೂ ಹಿಂಬಾಲಿಸಲಿಲ್ಲ. ಫುಟ್‌ಬಾಲ್ ಫೆಡರೇಶನ್ ತಾನೇ ಅಚ್ಚು ಹಾಕಿಸಿ ಹಂಚಿದ್ದ ವಾರ್ಷಿಕ ಪುಸ್ತಕ ಅವರ ಮೇಜಿನ ಮೇಲಿತ್ತು. ಅದರಲ್ಲಿ ಆಟಗಾರರ ನಿಜವಾದ ಹುಟ್ಟಿದ ವರ್ಷಗಳು ಇದ್ದವು. ಟೂರ್ನಿಗೆ ಕೊಟ್ಟ ಪಟ್ಟಿಯನ್ನು ಪಕ್ಕಕ್ಕಿಟ್ಟು ಸಾಲು ಸಾಲಾಗಿ ಓದಿದರೆ ಸಾಕಿತ್ತು. ಮೋಸ ಮಾಡಿದವರು ತಮ್ಮ ಪುಸ್ತಕವನ್ನೇ ಮರೆತಿದ್ದರು.

ಫಿಫಾ ಎರಡು ವರ್ಷ ಮೆಕ್ಸಿಕೊವನ್ನು ಎಲ್ಲ ಅಂತರರಾಷ್ಟ್ರೀಯ ಪಂದ್ಯಗಳಿಂದ ಹೊರಗಿಟ್ಟಿತು. ಸೋಲ್ ಒಲಿಂಪಿಕ್ಸ್ ಹೋಯಿತು, 1990ರ ಇಟಲಿ ವಿಶ್ವಕಪ್ ಹೋಯಿತು. ಆ ಹೊತ್ತಿಗೆ ಮೆಕ್ಸಿಕೊದ ಹ್ಯೂಗೊ ಸಾಂಚೆಸ್ ರಿಯಲ್ ಮ್ಯಾಡ್ರಿಡ್ ಪರ ಒಂದೇ ಲೀಗ್ ಋತುವಿನಲ್ಲಿ 38 ಗೋಲು ಹೊಡೆದು ಯುರೋಪನ್ನೇ ಬೆರಗುಗೊಳಿಸಿದ್ದ. ದಿನಾಂಕ ತಿದ್ದಿದವರಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಆಟದ ತುತ್ತತುದಿಯಲ್ಲಿದ್ದಾಗಲೇ ಅವನು ವಿಶ್ವಕಪ್ಪನ್ನು ಟಿವಿಯಲ್ಲಿ ನೋಡಬೇಕಾಯಿತು. ಇತ್ತ ಮೆಕ್ಸಿಕೊ ಇಲ್ಲದ ಅರ್ಹತಾ ಸುತ್ತಿನಲ್ಲಿ ಅಮೆರಿಕಕ್ಕೆ ದಾರಿ ಸುಗಮವಾಯಿತು. 1950ರ ನಂತರ ಮೊದಲ ಬಾರಿಗೆ ಅದು ವಿಶ್ವಕಪ್ ಆಡಿತು. ನಾಲ್ಕು ಹುಟ್ಟಿದ ದಿನಾಂಕಗಳು ಒಂದು ಖಂಡದ ಫುಟ್‌ಬಾಲ್ ಚರಿತ್ರೆಯನ್ನೇ ಅತ್ತಿತ್ತ ಮಾಡಿದವು.

ಎಡಗೈ ಮಣಿಕಟ್ಟು

ಕಾಗದ ಸುಳ್ಳು ಹೇಳುತ್ತದೆ ಎಂದಾದ ಮೇಲೆ ಫಿಫಾ ಮೂಳೆಯ ಮೊರೆ ಹೋಯಿತು. ಅದರ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಯಿರಿ ದ್ವೊರಾಕ್ ಮತ್ತು ಸಂಗಡಿಗರು ಹದಿನಾಲ್ಕರಿಂದ ಹತ್ತೊಂಬತ್ತರ ನಡುವಿನ ಆಟಗಾರರ ಮಣಿಕಟ್ಟುಗಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿ, 2007ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಎಕ್ಸ್‌ರೇ ಸುಲಭವಿತ್ತು, ಅಗ್ಗವೂ ಇತ್ತು. ಆದರೆ ಕಾಯಿಲೆಯೇ ಇಲ್ಲದ ಹುಡುಗನ ಮೈಗೆ ಬರೀ ವಯಸ್ಸು ತಿಳಿಯಲು ವಿಕಿರಣ ಹಾಯಿಸುವುದು ಸರಿಯಲ್ಲ. ಎಂಆರ್‌ಐನಲ್ಲಿ ಆ ತೊಂದರೆಯಿಲ್ಲ.

ಪರೀಕ್ಷೆ ನೋಡಲು ಸರಳ. ಹುಡುಗ ಉಂಗುರ, ವಾಚು, ಕೊರಳಿನ ಸರ ಎಲ್ಲ ಬಿಚ್ಚಿಡುತ್ತಾನೆ. ಎಡಗೈಯನ್ನು ಯಂತ್ರದೊಳಗೆ ಚಾಚಿ ಅಲುಗಾಡದೆ ಇರಬೇಕು. ಟಕ್ ಟಕ್ ಎಂಬ ಬಡಿತ ಶುರುವಾಗುತ್ತದೆ. ಮೈದಾನದಲ್ಲಿ ಒಂದು ಗಳಿಗೆ ನಿಲ್ಲದ ಹುಡುಗ ಇಲ್ಲಿ ಉಸಿರು ಬಿಗಿಹಿಡಿದು ಸುಮ್ಮನಿರುತ್ತಾನೆ.

ಪಕ್ಕದ ಕೋಣೆಯ ಪರದೆಯ ಮೇಲೆ ಅವನ ಮುಂಗೈ ಮೂಳೆ ಮೂಡುತ್ತದೆ. ಹೆಬ್ಬೆರಳಿನ ಕಡೆಯ ಮೂಳೆ ಮಣಿಕಟ್ಟಿಗೆ ಬಂದು ಸೇರುವ ತುದಿಯಲ್ಲಿ, ಬೆಳ್ಳಗೆ ಕಾಣುವ ಮೂಳೆಯ ನಡುವೆ, ಅಡ್ಡಕ್ಕೆ ಒಂದು ಕಪ್ಪು ಗೆರೆ. ಎರಡು ಹಲಗೆಗಳ ನಡುವೆ ಉಳಿದ ಸಂದಿನ ಹಾಗೆ ಕಾಣುವ ಅದು ಮೃದ್ವಸ್ಥಿಯ ಪಟ್ಟಿ. ಮೂಳೆ ಬೆಳೆಯುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುತ್ತ ಬಂದಂತೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ, ಅರ್ಧ ಅಳಿಯುತ್ತದೆ, ಕೊನೆಗೆ ಪೂರ್ತಿ ಮಾಯವಾಗುತ್ತದೆ. ವೈದ್ಯರು ಇದನ್ನು ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಗೆರೆ ಪೂರ್ತಿಯಾಗಿ ಇದ್ದರೆ ಒಂದನೆಯ ಹಂತ. ಸುಳಿವೂ ಇಲ್ಲದಂತೆ ಬೆಸೆದುಕೊಂಡಿದ್ದರೆ ಆರನೆಯದು. ಆರು ಬಂದರೆ ಆ ಹುಡುಗ ಹದಿನೇಳು ದಾಟಿದ್ದಾನೆ ಎಂಬುದು ಶೇ 99ರಷ್ಟು ಖಚಿತ ಎಂದು ಫಿಫಾ ಹೇಳುತ್ತದೆ.

ಖಚಿತವೆಂದರೂ ಎರಡು ಕಡೆ ಕಿಂಡಿಗಳಿವೆ. ಒಂದು, ಎಲ್ಲ ಮೂಳೆಯೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನೂರರಲ್ಲಿ ಒಬ್ಬ ಪ್ರಾಮಾಣಿಕ ಹುಡುಗನ ಗೆರೆ ಬೇಗನೆ ಅಳಿಸಿಹೋಗಿರಬಹುದು. ಪಟ್ಟಿಯ ಪ್ರಕಾರ ಅವನು ಒಂದು ಶೇಕಡಾ, ಅವನ ಮಟ್ಟಿಗೆ ಅದು ಇಡೀ ಬದುಕು. ಇನ್ನೊಂದು, ಹದಿನೆಂಟು ಹತ್ತೊಂಬತ್ತಾದರೂ ಗೆರೆ ಉಳಿದಿರುವವರು ಎಷ್ಟೋ ಮಂದಿ. ಅವರು ಹದಿನಾರು ಎಂದು ಬರೆಸಿಕೊಂಡು ನಿರಾಳವಾಗಿ ಪಾಸಾಗುತ್ತಾರೆ. ಹುಡುಗಿಯರ ಮೂಳೆ ಇನ್ನೂ ಬೇಗ ಬೆಸೆಯುವುದರಿಂದ ಈ ಪರೀಕ್ಷೆ ಹದಿನೇಳರೊಳಗಿನ ಹುಡುಗಿಯರ ತಂಡಗಳಿಗೆ ಉಪಯೋಗಕ್ಕೇ ಬರುವುದಿಲ್ಲ. ಯಂತ್ರ ಹುಟ್ಟಿದ ದಿನವನ್ನು ಹೇಳುವುದಿಲ್ಲ, ಮೂಳೆ ಬಲಿತಿದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ.

2009ರಲ್ಲಿ ನೈಜೀರಿಯಾದಲ್ಲೇ ನಡೆದ ಹದಿನೇಳರೊಳಗಿನವರ ವಿಶ್ವಕಪ್‌ಗೆ ಫಿಫಾ ಈ ಯಂತ್ರವನ್ನು ತಂದಿತು. ಆತಿಥೇಯರೇ ಹಿಂದಿನ ಸಲದ ಚಾಂಪಿಯನ್ನರು. ಸ್ಕ್ಯಾನ್ ಆಗುತ್ತಿದ್ದಂತೆ ಅವರ ತಯಾರಿ ಶಿಬಿರದಿಂದ ಹತ್ತಕ್ಕೂ ಹೆಚ್ಚು ಹುಡುಗರು ಗಂಟುಮೂಟೆ ಕಟ್ಟಿದರು. ಅಷ್ಟಾದರೂ ಮಾತು ನಿಲ್ಲಲಿಲ್ಲ. ದೇಶಕ್ಕಾಗಿ ಆಡಿ 1980ರ ಆಫ್ರಿಕಾ ಕಪ್ ಗೆದ್ದಿದ್ದ, ವೃತ್ತಿಯಿಂದ ವಕೀಲರಾದ ಅಡೊಕಿಯೆ ಅಮಿಯೆಸಿಮಾಕ ತಮ್ಮ ಪತ್ರಿಕಾ ಅಂಕಣದಲ್ಲಿ, ಈಗಿನ ನಾಯಕ ಏಳು ವರ್ಷದ ಹಿಂದೆಯೇ ತಮ್ಮ ಕ್ಲಬ್‌ನಲ್ಲಿ ಹದಿನೆಂಟರ ಹುಡುಗನಾಗಿದ್ದ ಎಂದು ಬರೆದರು. ಫೆಡರೇಶನ್ ಅಲ್ಲಗಳೆಯಿತು, ನಾಯಕ ಆಡಿದ. ಅಬುಜಾದ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ 1–0ಯಿಂದ ಗೆದ್ದಿತು. ಗೋಲು ಹಾರಿಸ್ ಸೆಫೆರೊವಿಚ್‌ನದು. ಅವನ ಜೊತೆಗಿದ್ದವರಲ್ಲಿ ಗ್ರಾನಿಟ್ ಜಾಕಾ ಒಬ್ಬ, ರಿಕಾರ್ಡೊ ರೊಡ್ರಿಗೆಸ್ ಇನ್ನೊಬ್ಬ. ಮೂವರೂ ಮುಂದೆ ಹತ್ತಾರು ವರ್ಷ ದೇಶದ ಹಿರಿಯರ ತಂಡದಲ್ಲಿ ಆಡಿದರು. ಕಿರಿಯರ ಟೂರ್ನಿ ಇರುವುದೇ ಅದಕ್ಕೆ, ನಾಳೆ ಆಡಬೇಕಾದವರನ್ನು ಇಂದು ಗುರುತಿಸುವುದಕ್ಕೆ.

ಮೂವತ್ತರಲ್ಲಿ ಒಂಬತ್ತು

2022 ಮುಗಿಯಲು ಇನ್ನು ಕೆಲವೇ ಗಂಟೆ. ಕ್ಯಾಮರೂನ್‌ನ ಫುಟ್‌ಬಾಲ್ ಫೆಡರೇಶನ್ ಒಂದು ಪ್ರಕಟಣೆ ಹೊರಡಿಸಿತು. ಜನವರಿಯಲ್ಲಿ ಲಿಂಬೆ ಪಟ್ಟಣದಲ್ಲಿ ಹದಿನೇಳರೊಳಗಿನವರ ಆಫ್ರಿಕಾ ಕಪ್‌ನ ಅರ್ಹತಾ ಸುತ್ತು. ಅದಕ್ಕೆಂದು ಶಿಬಿರ ಸೇರಿದ್ದ 30 ಹುಡುಗರ ಮಣಿಕಟ್ಟು ಸ್ಕ್ಯಾನ್ ಮಾಡಿಸಲಾಗಿತ್ತು. 21 ಮಂದಿ ಅನುತ್ತೀರ್ಣ! ಫೆಡರೇಶನ್ ಅಧ್ಯಕ್ಷ ಸ್ಯಾಮುಯೆಲ್ ಎಟೊ, ಬಾರ್ಸಿಲೋನಾ ಪರ ಗೋಲುಗಳ ಸುರಿಮಳೆ ಸುರಿಸಿದ ಆಟಗಾರ, ಕುರ್ಚಿಗೆ ಬಂದು ಒಂದು ವರ್ಷವಾಗಿತ್ತಷ್ಟೇ. ಮುಚ್ಚಿಡುವ ಬದಲು ಸಂಖ್ಯೆ ಸಮೇತ ಊರಿಗೆಲ್ಲ ಸಾರಿದ.

ಅಟ್ಲಾಂಟಿಕ್ ತೀರದ ಲಿಂಬೆಯ ಕ್ರೀಡಾಂಗಣ ಸಮುದ್ರಕ್ಕೆ ಹತ್ತಿರ, ಹಿಂದೆ ಕ್ಯಾಮರೂನ್ ಪರ್ವತದ ಇಳಿಜಾರು. ಪಂದ್ಯಗಳಿಗೆ ಎರಡು ವಾರವೂ ಇರಲಿಲ್ಲ. ಉಳಿದವರು ಒಂಬತ್ತು ಮಂದಿ, ಒಂದು ತಂಡಕ್ಕೆ ಸಾಲದಷ್ಟು. ಅಕಾಡೆಮಿಗಳಿಗೆ ಫೋನು ಹೋಯಿತು, ಹೊಸ ಹುಡುಗರು ಬಂದರು. ಅವರನ್ನೂ ಯಂತ್ರಕ್ಕೆ ಒಡ್ಡಿದರೆ ಅವರಲ್ಲೂ 11 ಮಂದಿ ಉದುರಿದರು. ಮತ್ತೆ ಹುಡುಕಾಟ, ಮತ್ತೆ ಸ್ಕ್ಯಾನ್. ಹೀಗೆ ಜರಡಿ ಹಿಡಿದು ಕಟ್ಟಿದ ತಂಡ ಆಡಿತು, ಗೆದ್ದಿತು, ಅರ್ಹತೆಯನ್ನೂ ಪಡೆದು ಅಲ್ಜೀರಿಯಾಕ್ಕೆ ಹೋಯಿತು. ನಿಜವಾದ ಹದಿನಾರರ ಹುಡುಗರು ಆ ದೇಶದಲ್ಲಿ ಬೇಕಾದಷ್ಟಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಅಷ್ಟೇ.

ಇದು ಕ್ಯಾಮರೂನ್ ಒಂದರ ಪಾಡಲ್ಲ. 2016ರಲ್ಲಿ ನೈಜೀರಿಯಾ ಶಿಬಿರದ 60 ಹುಡುಗರಲ್ಲಿ 26 ಮಂದಿ ಇದೇ ಪರೀಕ್ಷೆಯಲ್ಲಿ ಸೋತರು. 2019ರಲ್ಲಿ ಗಿನಿ ತಂಡ ತಾಂಜಾನಿಯಾದಲ್ಲಿ ಆಫ್ರಿಕಾ ಕಪ್ ಫೈನಲ್‌ವರೆಗೆ ಬಂದು ಪೆನಾಲ್ಟಿಯಲ್ಲಿ ಸೋತು, ಬ್ರೆಜಿಲ್ ವಿಶ್ವಕಪ್‌ಗೆ ಟಿಕೆಟ್ ಗಿಟ್ಟಿಸಿತ್ತು. ಅಷ್ಟರಲ್ಲಿ, ಎರಡು ವರ್ಷದ ಹಿಂದೆ ಜಪಾನಿನ ಟೂರ್ನಿಯೊಂದಕ್ಕೆ ಕೊಟ್ಟಿದ್ದ ಪಟ್ಟಿ ಎದ್ದುಬಂತು. ಇಬ್ಬರ ಹುಟ್ಟಿದ ದಿನಾಂಕ ಅಲ್ಲೊಂದು, ಇಲ್ಲೊಂದು. ಇಡೀ ತಂಡ ಅನರ್ಹ, ಬೆಳ್ಳಿ ಪದಕವೂ ವಾಪಸ್. ಬ್ರೆಜಿಲ್ ವಿಮಾನ ಹತ್ತಿದ್ದು ಸೆನೆಗಲ್. ಇಬ್ಬರ ದಾಖಲೆ ಸುಳ್ಳಾದದ್ದಕ್ಕೆ ತಂಡದ ಮಿಕ್ಕವರೂ ಮನೆಯಲ್ಲೇ ಉಳಿದರು.

ಜೂನ್ 1ರಂದು ಹುಟ್ಟಿದವರು

ಡೌಲಾದಲ್ಲಿ, ಲಾಗೋಸ್‌ನಲ್ಲಿ, ಆಕ್ರಾದ ಹೊರವಲಯದಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಕೆಂಪು ಧೂಳೆದ್ದಿರುತ್ತದೆ. ಹುಲ್ಲಿಲ್ಲದ ಮೈದಾನ, ಬಲೆಯಿಲ್ಲದ ಗೋಲುಕಂಬ. ಹುಡುಗರ ಬೆನ್ನಿನ ಮೇಲೆ ಯುರೋಪಿನ ಕ್ಲಬ್‌ಗಳ ಹೆಸರು, ತೊಳೆದು ತೊಳೆದು ಅಕ್ಷರ ಮಾಸಿವೆ. ಕೆಲವರ ಕಾಲಿಗೆ ಬೂಟು, ಕೆಲವರಿಗೆ ಪ್ಲಾಸ್ಟಿಕ್ ಚಪ್ಪಲಿ. ಗೆರೆಯಾಚೆ ಒಬ್ಬ ಫೋನು ಹಿಡಿದು ವಿಡಿಯೊ ಮಾಡುತ್ತಿರುತ್ತಾನೆ. ಅವನು ಏಜೆಂಟ್ ಇರಬಹುದು, ಏಜೆಂಟ್ ಎಂದು ಹೇಳಿಕೊಂಡು ತಿರುಗುವವನೂ ಇರಬಹುದು. ಹುಡುಗನನ್ನು ಪಕ್ಕಕ್ಕೆ ಕರೆದು ಅವನು ಮೊದಲು ಕೇಳುವ ಪ್ರಶ್ನೆ ಹೆಸರಲ್ಲ, ವಯಸ್ಸು. ಹತ್ತೊಂಬತ್ತು ಎಂದರೆ ಮುಖ ಸಪ್ಪೆಯಾಗುತ್ತದೆ. ಹತ್ತೊಂಬತ್ತಕ್ಕೆ ಇಷ್ಟು ಆಡುವವರು ಯುರೋಪಿನಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಹದಿನಾರು ಎಂದರೆ ಅದೇ ಆಟಕ್ಕೆ ಬೇರೆಯೇ ಬೆಲೆ. ನೈಜೀರಿಯಾದ ಹುಡುಗರು ಹಾಗಾಗಿಯೇ ಎರಡು ವಯಸ್ಸು ಇಟ್ಟುಕೊಂಡಿರುತ್ತಾರೆ ಎಂಬ ಮಾತಿದೆ: ಮನೆಯ ವಯಸ್ಸು ಒಂದು, ಫುಟ್‌ಬಾಲ್ ವಯಸ್ಸು ಒಂದು.

ತಿದ್ದುವುದು ಕಷ್ಟವೂ ಅಲ್ಲ, ಏಕೆಂದರೆ ಎಷ್ಟೋ ಕಡೆ ತಿದ್ದಲು ಮೊದಲ ಬರಹವೇ ಇಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿಯೇ ಆಗಿಲ್ಲವೆಂದು ಯುನಿಸೆಫ್ 2024ರಲ್ಲಿ ಹೇಳಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದವರು. ಹುಡುಗ ಆಟದಲ್ಲಿ ಮಿಂಚತೊಡಗಿದ ಮೇಲೆ ಪಾಸ್‌ಪೋರ್ಟ್ ಬೇಕಾಗುತ್ತದೆ, ಪಾಸ್‌ಪೋರ್ಟ್‌ಗೆ ಜನನ ಪತ್ರ ಬೇಕಾಗುತ್ತದೆ. ಆಗ ಸಾಕ್ಷಿಗಳನ್ನು ಕರೆದೊಯ್ದು, ಅಧಿಕಾರಿಯ ಎದುರು ಒಂದು ದಿನಾಂಕ ಹೇಳಿ, ಮುದ್ರೆ ಹಾಕಿಸಿಕೊಂಡು ಬಂದರಾಯಿತು. ಮುದ್ರೆ ಅಸಲಿ, ಸಹಿ ಅಸಲಿ, ದಿನಾಂಕ ಮಾತ್ರ ಬಾಯಿಗೆ ಬಂದದ್ದು.

ನಾವು ಇದನ್ನು ಕೇಳಿ ಮೂಗು ಮುರಿಯುವಂತಿಲ್ಲ. ನಮ್ಮ ಮನೆಗಳಲ್ಲೇ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದು ಹುಟ್ಟಿದವರು! ಶಾಲೆಗೆ ಸೇರಿಸಲು ಕರೆದೊಯ್ದಾಗ ಅವ್ವನಿಗೆ ನೆನಪಿದ್ದದ್ದು ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು, ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು’ ಎಂದಷ್ಟೇ. ಮೇಷ್ಟ್ರು ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ದಾಖಲಾತಿಗೆ ಒಪ್ಪುವ ಒಂದು ವರ್ಷ ಹುಡುಕಿ, ಜೂನ್ 1 ಎಂದು ಬರೆದರು. ಅದೇ ತಾರೀಖಿನ ಮೇಲೆ ನೌಕರಿ, ಅದೇ ತಾರೀಖಿನ ಮೇಲೆ ಮೇ 31ರ ನಿವೃತ್ತಿ, ಹಾರ, ಶಾಲು, ಫೋಟೊ. ನಮ್ಮ ಮೇಷ್ಟ್ರು ಬರೆದದ್ದರಲ್ಲಿ ಲಾಭಕೋರತನ ಇರಲಿಲ್ಲ. ಆದರೆ ಕಾಗದದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ ಎಂಬುದು ನಮಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ನಲವತ್ತೆರಡರ ಹುಡುಗ

ಆರೋಪದ ಇನ್ನೊಂದು ಮುಖ ರೋಮ್‌ನಲ್ಲಿ ಕಂಡಿತು. 2014ರ ಫೆಬ್ರವರಿ. ಲಾಜಿಯೊ ಕ್ಲಬ್‌ನ ಕಿರಿಯರ ತಂಡದಲ್ಲಿ ಕ್ಯಾಮರೂನ್‌ನ ಜೋಸೆಫ್ ಮಿನಾಲಾ ಎಂಬ ಹುಡುಗ ಆಡುತ್ತಿದ್ದ. ವಯಸ್ಸು 17. ಮುಖದಲ್ಲಿ ಆಳವಾದ ಗೆರೆಗಳು, ಗಟ್ಟಿ ದವಡೆ. ಯಾರೋ ಅವನ ಫೋಟೊ ಹಂಚಿದರು. ಆಮೇಲೆ ಒಂದು ಸುದ್ದಿ ಹೊರಟಿತು: ತನಗೆ ನಲವತ್ತೆರಡು ಎಂದು ಮಿನಾಲಾನೇ ಒಪ್ಪಿಕೊಂಡಿದ್ದಾನೆ! ಹಾಗೆ ಹೇಳಿಯೇ ಇಲ್ಲ ಎಂದು ಹುಡುಗ ಹೇಳಿದ, ಕೋರ್ಟಿಗೆ ಹೋಗುತ್ತೇವೆ ಎಂದು ಕ್ಲಬ್ ಗುಡುಗಿತು. ಯಾರು ಕೇಳಬೇಕು? ಜಗತ್ತಿನ ಉದ್ದಗಲಕ್ಕೆ ಅವನ ಮುಖ ನಗೆಪಾಟಲಾಯಿತು.

ಇಟಲಿಯ ಫುಟ್‌ಬಾಲ್ ಫೆಡರೇಶನ್ ತನಿಖೆ ನಡೆಸಿತು. ಕೆಲವೇ ತಿಂಗಳಲ್ಲಿ ಕಡತ ಮುಚ್ಚಿತು. ತಪ್ಪೇನೂ ಕಾಣಲಿಲ್ಲ, ಹುಡುಗನ ವಯಸ್ಸು ದಾಖಲೆಯಲ್ಲಿದ್ದದ್ದೇ. ತೀರ್ಪು ಬರುವ ಮೊದಲೇ ಮಿನಾಲಾ ಲಾಜಿಯೊ ಹಿರಿಯರ ತಂಡದಲ್ಲಿ ಮೊದಲ ಪಂದ್ಯ ಆಡಿದ್ದ. ಆದರೆ ‘ನಲವತ್ತೆರಡು’ ಅವನ ಬೆನ್ನು ಬಿಡಲಿಲ್ಲ. ಇಂದಿಗೂ ಅವನ ಹೆಸರು ಬಂದಲ್ಲೆಲ್ಲ ಜನ ನೆನೆಯುವುದು ಅವನ ಆಟವನ್ನಲ್ಲ, ಆ ಸಂಖ್ಯೆಯನ್ನು. ಬಡತನದಲ್ಲಿ ಬೆಳೆದ ಮುಖ ಬೇಗ ಬಲಿಯುತ್ತದೆ ಎಂಬುದು ಹಳ್ಳಿ ಕಂಡ ಯಾರಿಗಾದರೂ ಗೊತ್ತಿರುವ ಮಾತು. ಫೋಟೊ ನೋಡಿ ವಯಸ್ಸು ಅಳೆಯುವವರಿಗೆ ಅದು ಗೊತ್ತಿರಲಿಲ್ಲ. ಆ ಮುಖ ಬಿಳಿಯದಾಗಿದ್ದರೆ ಇಷ್ಟು ಸಲೀಸಾಗಿ ನಗುತ್ತಿದ್ದರೇ ಎಂಬುದನ್ನೂ ಅವರು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ನಿಜವಾಗಿ ಸುಳ್ಳಿದ್ದ ಕಡೆಯೂ ಕಥೆ ಸರಳವಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ತಂಡದಲ್ಲಿ ಸಿಲಾಸ್ ವಮಾಂಗಿಟುಕಾ ಎಂಬ ಕಾಂಗೊ ದೇಶದ ಹುಡುಗ 2021ರಲ್ಲಿ ಬುಂಡೆಸ್‌ಲಿಗಾದ ವರ್ಷದ ಹೊಸ ಪ್ರತಿಭೆ ಎನಿಸಿಕೊಂಡ. ಅದಾದ ಕೆಲವೇ ದಿನಕ್ಕೆ ಅವನೇ ಕ್ಲಬ್‌ನವರ ಮುಂದೆ ಬಾಯಿಬಿಟ್ಟ. ನನ್ನ ಹೆಸರು ಅದಲ್ಲ, ಕಟೊಂಪಾ ಎಂವುಂಪಾ. ನನ್ನ ವಯಸ್ಸೂ ಒಂದು ವರ್ಷ ಹೆಚ್ಚು. ಹದಿಹರೆಯದಲ್ಲಿ ಬೆಲ್ಜಿಯಂಗೆ ಆಯ್ಕೆ ಪರೀಕ್ಷೆಗೆಂದು ಬಂದವನನ್ನು ಏಜೆಂಟ್ ಒಬ್ಬ ತನ್ನ ಹಿಡಿತಕ್ಕೆ ತೆಗೆದುಕೊಂಡು, ಊರಿಗೆ ಹೋದರೆ ಮತ್ತೆ ಯುರೋಪಿಗೆ ಬರಲಾಗದು ಎಂದು ಹೆದರಿಸಿ, ಹೆಸರು, ದಿನಾಂಕ ಎರಡನ್ನೂ ಬದಲಿಸಿದ್ದ. ಹುಡುಗ ಬಲಿಪಶು ಎಂದು ಕ್ಲಬ್ ಅವನ ಪರ ನಿಂತಿತು. ಆದರೂ ಮೂರು ತಿಂಗಳ ನಿಷೇಧ ಮತ್ತು 30,000 ಯೂರೊ ದಂಡ ಬಿದ್ದದ್ದು ಹುಡುಗನಿಗೇ.

ಇದಕ್ಕೂ ಹಿಂದೆ, 2002ರಲ್ಲಿ, ಇಟಲಿಯ ಕಿಯೆವೊ ತಂಡದ ಎರಿಬೆರ್ಟೊ ಎಂಬ ಬ್ರೆಜಿಲ್ ಆಟಗಾರ ಹೀಗೆಯೇ ತಾನಾಗಿ ಒಪ್ಪಿಕೊಂಡಿದ್ದ. ನಿಜವಾದ ಹೆಸರು ಲೂಸಿಯಾನೊ, ಹುಟ್ಟಿದ್ದು 1979ರಲ್ಲಲ್ಲ, 1975ರಲ್ಲಿ. ಯಾರೂ ಹಿಡಿದಿರಲಿಲ್ಲ. ನಿಷೇಧ ಮುಗಿಸಿ ಬಂದು ಅದೇ ಕ್ಲಬ್‌ಗೆ ಸ್ವಂತ ಹೆಸರಿನಲ್ಲಿ ವರ್ಷಗಟ್ಟಲೆ ಆಡಿದ.

ಯಾರ ಜಾಗ ಹೋಯಿತು?

ಇಷ್ಟೆಲ್ಲ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯುವವನು ಒಬ್ಬನಿದ್ದಾನೆ. ಸರಿಯಾದ ವಯಸ್ಸು ಬರೆಸಿ, ಹತ್ತೊಂಬತ್ತರ ಭುಜಕ್ಕೆ ಡಿಕ್ಕಿ ಹೊಡೆದು ಬಿದ್ದು, ಆಯ್ಕೆಯಾಗದೆ ಮನೆಗೆ ಹೋದ ಹದಿನೈದರ ಹುಡುಗ. ಸುಳ್ಳೇ ಇಲ್ಲದ ಕಡೆಯೂ ಅವನಿಗೆ ದಾರಿ ಕಡಿದು. ವಯೋಮಿತಿ ಜನವರಿ 1ಕ್ಕೆ ಲೆಕ್ಕ. ಜನವರಿಯಲ್ಲಿ ಹುಟ್ಟಿದವನಿಗೂ ಅದೇ ವರ್ಷದ ಡಿಸೆಂಬರಿನವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆಯ ಅಂತರ. ಹಾಗಾಗಿ ಕಿರಿಯರ ತಂಡಗಳ ಪಟ್ಟಿಯಲ್ಲಿ ವರ್ಷದ ಮೊದಲ ತಿಂಗಳುಗಳವರೇ ತುಂಬಿರುತ್ತಾರೆ. ಅದರ ಮೇಲೆ ಮೂರು ನಾಲ್ಕು ವರ್ಷದ ಸುಳ್ಳೂ ಸೇರಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು?

ಈ ಹುಡುಗನ ಪರವಾಗಿ ನಮ್ಮವರೊಬ್ಬರು ಗಟ್ಟಿಯಾಗಿ ಮಾತಾಡಿದ್ದಾರೆ. ಆಟ ಬೇರೆ, ಮಾತು ಇದೇ. ಕಿರಿಯರ ಕ್ರಿಕೆಟ್ ತಂಡದ ತರಬೇತುದಾರರಾಗಿದ್ದ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡುತ್ತ, ವಯಸ್ಸು ತಿದ್ದುವುದಕ್ಕೂ ಪಂದ್ಯ ಫಿಕ್ಸ್ ಮಾಡುವುದಕ್ಕೂ ವ್ಯತ್ಯಾಸವೇನು ಎಂದು ಕೇಳಿದರು. ದೊಡ್ಡ ಮೈಯವನು ಗೆಲ್ಲುವುದು ಪ್ರತಿಭೆಯಿಂದಲ್ಲ, ಬಲದಿಂದ. ಜಾಗ ಕಳೆದುಕೊಂಡ ಪ್ರಾಮಾಣಿಕ ಹುಡುಗ ಬೇಸತ್ತು ಆಟವನ್ನೇ ಬಿಟ್ಟುಹೋದಾನು ಎಂಬುದು ಅವರ ಆತಂಕ. ನಮ್ಮ ಕ್ರೀಡಾ ಸಚಿವಾಲಯವೂ 2010ರಲ್ಲೇ ವಯಸ್ಸಿನ ವಂಚನೆ ತಡೆಯುವ ರಾಷ್ಟ್ರೀಯ ಸಂಹಿತೆ ತಂದಿದೆ. ಸಮಸ್ಯೆ ಇಲ್ಲದಿದ್ದರೆ ಸಂಹಿತೆ ಏಕೆ ಬೇಕಿತ್ತು?

ಯಂತ್ರ ಬೇಕು, ಬೇಡವೆಂದಲ್ಲ. ಕ್ಯಾಮರೂನ್‌ನಲ್ಲಿ ಅದು ಮಾಡಿದ ಕೆಲಸ ಕಣ್ಣೆದುರಿಗಿದೆ. ಆದರೆ ಯಂತ್ರಕ್ಕೆ ಒಡ್ಡುವ ಕೈ ಹುಡುಗನದು, ದಿನಾಂಕ ತಿದ್ದಿದ ಕೈ ದೊಡ್ಡವರದು. ಸಾಕ್ಷಿ ಹೇಳಿದ ಚಿಕ್ಕಪ್ಪ, ಮುದ್ರೆ ಒತ್ತಿದ ಗುಮಾಸ್ತ, ಕಣ್ಣುಮುಚ್ಚಿ ಪಟ್ಟಿಗೆ ಸಹಿ ಹಾಕಿದ ಅಧಿಕಾರಿ, ಕಮಿಷನ್ ಎಣಿಸಿದ ಏಜೆಂಟ್, ಇವರಲ್ಲಿ ಯಾರ ಮಣಿಕಟ್ಟನ್ನೂ ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಅನುತ್ತೀರ್ಣರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತದೆ, ಅವರನ್ನು ಪಟ್ಟಿಗೆ ಸೇರಿಸಿದವರ ಹೆಸರು ಬರುವುದಿಲ್ಲ. ಅದು ಬರುವವರೆಗೆ ಈ ಮೋಸ ನಿಲ್ಲುವುದಿಲ್ಲ.

ಮಗ ಅಥವಾ ಮಗಳು ಮೈದಾನಕ್ಕಿಳಿದಿರುವ ಅಪ್ಪ ಅಮ್ಮಂದಿರಿಗೆ, ತಂಡದ ಪಟ್ಟಿ ಬರೆಯುವ ದೈಹಿಕ ಶಿಕ್ಷಣ ಶಿಕ್ಷಕರಿಗೆ ಕೇಳಿಕೊಳ್ಳುವುದು ಇಷ್ಟು. ಒಂದು ಟ್ರೋಫಿಗಾಗಿ, ಒಂದು ಆಯ್ಕೆಗಾಗಿ ಮಗುವಿನ ಹುಟ್ಟಿದ ದಿನವನ್ನು ಮುಟ್ಟಬೇಡಿ. ಎದುರಾಳಿ ತಂಡದ ಹುಡುಗ ಉದ್ದಕ್ಕಿದ್ದಾನೆಂದು, ಮೀಸೆ ಬಿಟ್ಟಿದ್ದಾನೆಂದು ಗ್ಯಾಲರಿಯಿಂದ ಕೂಗಲೂ ಬೇಡಿ. ಅನುಮಾನವಿದ್ದರೆ ಸಂಘಟಕರಿಗೆ ಬರೆದುಕೊಡಿ, ದಾಖಲೆ ಕೇಳಿ, ಪರೀಕ್ಷೆ ಮಾಡಿಸಿ. ತೀರ್ಮಾನ ಬರುವವರೆಗೆ ಅವನನ್ನು ಹುಡುಗನೆಂದೇ ನೋಡಿ.